ಸಿಕ್ಸರ್ ಬಾರಿನ ಕೆಳಗಿನ ಹಗೇವು

ಮಿರಜ, ಆಸ್ಪತ್ರೆಯ ವರಾಂಡ
ಬುಧವಾರ, ೩೦ ಏಪ್ರಿಲ್ ೨೦೨೫

ತೀರ್ಥರೂಪ ಮಾವನವರಿಗೆ,

ನಿಮ್ಮ ಸೊಸೆ ಸುಮನ ನಿಮ್ಮ ಪಾದಕ್ಕೆ ಹಣೆ ಹಚ್ಚಿ ಬರೆಯುತ್ತಿರುವ ಪತ್ರ. ನಿಮ್ಮ ಮೊಣಕಾಲ ನೋವು ಹೇಗಿದೆ? ಉಮದಿಯಲ್ಲಿ ಬಿಸಿಲು ಇಲ್ಲಿಗಿಂತ ಹೆಚ್ಚಂತೆ, ಮಧ್ಯಾಹ್ನದ ಹೊತ್ತು ಕುರಿಗಳ ಹಿಂದೆ ಹೋಗಬೇಡಿ. ನಿಮ್ಮ ತಂಗಿ ತುಳಸವ್ವ ಅತ್ತಿ ನಿಮ್ಮ ಕಣ್ಣಿಗೆ ಹನಿ ಔಷಧ ಮರೆಯದೆ ಹಾಕುತ್ತಿದ್ದಾರೆಯೇ? ನಿಮಗೆ ಫೋನಿನಲ್ಲಿ ಕೇಳಿಸುವುದಿಲ್ಲ, ಅತ್ತಿಯವರಿಗೆ ಪೂರ್ತಿ ಹೇಳಿದರೆ ಹೊಲದಲ್ಲೇ ಕುಸಿದು ಕುಳಿತಾರು. ಅದಕ್ಕೇ ಅವರಿಗೆ, ನಿಮ್ಮ ಮಗನ ಕಾಲಿಗೆ ಪೆಟ್ಟಾಗಿದೆ ಎಂದಷ್ಟೇ ಹೇಳಿದ್ದೇನೆ. ಇನ್ನುಳಿದದ್ದನ್ನು ನಿಮಗೆ ಬರೆಯುತ್ತೇನೆ. ಮುಂದೆ ಓದುವ ಮೊದಲು ಒಂದು ಮಾತು ತಿಳಿದಿರಲಿ: ನಿಮ್ಮ ಮಗ ಜೀವಂತವಾಗಿದ್ದಾರೆ. ಈ ಬಾಗಿಲಿನ ಆಚೆ ಮಲಗಿದ್ದಾರೆ, ಬೆಳಿಗ್ಗೆ ಎರಡು ಚಪಾತಿ ತಿಂದರು. ನನ್ನ ಅಕ್ಷರ ಹೀಗೆ ಸೊಟ್ಟಗಿರುವುದಕ್ಕೆ ಬೇರೆ ಅರ್ಥ ಹಚ್ಚಬೇಡಿ. ಕಾಗದವನ್ನು ಮೊಣಕಾಲ ಮೇಲಿಟ್ಟು ಬರೆಯುತ್ತಿದ್ದೇನೆ, ಅಷ್ಟೇ.

ನೀವು ಹೇಳಿದಂತೆಯೇ ಆಯಿತು, ಮಾವಾರ. ಸಿಕ್ಸರ್ ಬಾರಿನ ನೆಲ ಕುಸಿಯಿತು.

ಹೋದ ವರ್ಷ ಹರ್ಷದಶೇಠರು ಬಾರು ತೆರೆದ ದಿನ ನೆನಪಿದೆಯೇ? ನಿಮ್ಮ ಮಗನಿಗೆ ವೇಟರುಗಳ ಮೇಲ್ವಿಚಾರಣೆ, ನನಗೆ ಒಳಗೆ ಭಾಕರಿ, ಅಖ್ಖಾ ಮಸೂರ ಮಾಡುವ ಕೆಲಸ. ಇಬ್ಬರಿಗೂ ಒಂದೇ ಕಡೆ ನೌಕರಿ ಸಿಕ್ಕಿತೆಂದು ನಾನು ಪೇಢೆ ಹಂಚಿದ್ದೆ. ನೀವು ಇಸ್ತ್ರಿ ಮಾಡಿದ ಧೋತರ ಉಟ್ಟು ನೋಡಲು ಬಂದಿದ್ದಿರಿ. ಗೋಡೆಯಷ್ಟು ದೊಡ್ಡ ಟಿವಿ, ಬ್ಯಾಟಿನ ಆಕಾರದ ದೀಪಗಳು, ಹಸಿರು ಬಟ್ಟೆಯ ಪೂಲ್ ಟೇಬಲ್ಲು, ಯಾವುದನ್ನೂ ನೀವು ನೋಡಲಿಲ್ಲ. ಕೋಲಿನಿಂದ ನೆಲ ಕುಟ್ಟುತ್ತ ಮೂಲೆಯಿಂದ ಮೂಲೆಗೆ ನಡೆದಿರಿ. ಆಮೇಲೆ ಎಲ್ಲರ ಎದುರಿಗೇ, “ಶೇಠ, ಇದರ ಬುಡಕ ಮೂರು ಹಗೇವ ಅದಾವ ನೋಡ್ರಿ. ನಾನೇ ಇಳದು ಅರಿಶಿಣ ತುಂಬೇನಿ. ಇವು ಬಾಯಿ ಅಷ್ಟ ಮುಚ್ಚ್ಯಾವ, ಒಳಗ ಇನ್ನೂ ಪೊಳ್ಳ ಅದಾವ” ಅಂದಿರಿ. ಶೇಠರು ನಕ್ಕರು. ಅವರು ಆಡುವುದೆಲ್ಲ ಮರಾಠಿ, ಹಗೇವಿಗೆ ಪೇವು ಅನ್ನುತ್ತಾರೆ, ನಾನು ನಮ್ಮ ಮಾತಿನಲ್ಲಿ ಬರೆಯುತ್ತೇನೆ: “ಬಾಬಾ, ಪೇವುಗಳ ಕಾಲ ಮುಗೀತು. ಎರಡು ಸಾವಿರದ ಐದರ ಮಹಾಪೂರದಲ್ಲಿ ಎಲ್ಲ ಹೂತುಹೋದವು.”

ಅವತ್ತು ಮನೆಯಲ್ಲಿ ನಿಮ್ಮ ಮಗ ನಿಮ್ಮ ಮೇಲೆ ಹರಿಹಾಯ್ದರು. “ಹಳೇ ಮಾತ ತಗದು ನಮ್ಮಿಬ್ಬರ ನೌಕರಿ ಕಳೀಬ್ಯಾಡ್ರಿ, ಅಪ್ಪಾ” ಅಂದರು. ನಾನು ಹಿಟ್ಟು ನಾದುತ್ತ ತಲೆ ಬಗ್ಗಿಸಿ ಕುಳಿತಿದ್ದೆ. ಮರುದಿನ ಬೆಳಿಗ್ಗೆ ನೀವು ಅಷ್ಟು ವರ್ಷ ನಮ್ಮೊಂದಿಗಿದ್ದ ಮನೆ ಬಿಟ್ಟು, ಚಹಾ ಸಹ ಕುಡಿಯದೆ ಉಮದಿಗೆ ಹೋಗಲು ಜತ್ತ ಬಸ್ಸು ಹತ್ತಿದಿರಿ. ಆಗಲೂ ನಾನು ಬಾಯಿ ಬಿಡಲಿಲ್ಲ. ಒಂದು ಮಾತು, “ಮಾವಾರ, ನನಗ ನಿಮ್ಮ ಮಾತು ಖರೇ ಅನ್ನಸತೈತಿ” ಎನ್ನಬಹುದಿತ್ತು. ಅನ್ನಿಸಿತ್ತು ಕೂಡ.

ಯಾಕೆಂದರೆ ಈ ಹರಿಪುರ ರಸ್ತೆಯನ್ನು ನನಗೆ ತೋರಿಸಿದವರೇ ನೀವು. ಮದುವೆಯಾಗಿ ಬಂದ ಹೊಸದರಲ್ಲಿ ನನ್ನನ್ನು ನಡೆಸಿಕೊಂಡು ಹೋಗಿ, ಇಲ್ಲಿ ಬರೀ ಬಯಲಿತ್ತು, ಬಯಲಿನ ತುಂಬ ಹಗೇವುಗಳಿದ್ದವು, ಮೇಲೆ ನೋಡಿದರೆ ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಒಳಗೆ ಗಡಿಗೆಯ ಹಾಗೆ ಅಗಲ ಎಂದು ಹೇಳಿದ್ದಿರಿ. ಸುತ್ತ ಕಬ್ಬಿನ ಒಣ ಎಲೆಯ ರವದಿ ಹಾಸಿ ಅರಿಶಿಣ ಸುರಿದು, ಬಾಯಿಗೆ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಒಂದು ಹುಳವೂ ಬೀಳುತ್ತಿರಲಿಲ್ಲವಂತೆ. ಮಹಾಪೂರ ಬಂದು ಎಲ್ಲ ಕೊಳೆತ ಮೇಲೆ ವ್ಯಾಪಾರಿಗಳು ಶೀತಗೃಹಕ್ಕೆ ಹೋದರು, ಬಯಲು ಪ್ಲಾಟುಗಳಾಯಿತು. ಮೊದಲು ಗ್ಯಾರೇಜು, ಆಮೇಲೆ ತಗಡಿನ ಪತ್ರಾದ ಗೋದಾಮು, ಅದರ ಜಾಗದಲ್ಲಿ ಈಗ ಬಾರು. ಕೊಳ್ಳುವವರಾಗಲಿ ಮಾರುವವರಾಗಲಿ ಕೆಳಗೆ ಏನಿದೆ ಎಂದು ಯಾರನ್ನೂ ಕೇಳಲಿಲ್ಲ.

ದೀಪಾವಳಿಯ ನಂತರ ನನಗೆ ಒಂದೊಂದೇ ಕಾಣತೊಡಗಿತು. ಪೂಲ್ ಟೇಬಲ್ಲಿನ ಚೆಂಡುಗಳು ಯಾರೂ ಮುಟ್ಟದಿದ್ದರೂ ಟಿವಿಯ ಕಡೆಗೆ ಉರುಳಿ ಅಲ್ಲೇ ಗುಂಪಾಗುತ್ತಿದ್ದವು. ಶೇಠರು ಒಂದು ಕಾಲಿನಡಿ ರಟ್ಟು ಮಡಚಿ ಇಟ್ಟರು, ತಿಂಗಳಾದ ಮೇಲೆ ಇನ್ನೊಂದು ಇಟ್ಟರು. ಪಾತ್ರೆ ತೊಳೆಯುವ ರತ್ನಾಬಾಯಿ ನಿಮಗೆ ಗೊತ್ತಲ್ಲ, ನಮ್ಮ ಓಣಿಯ ತುದಿಮನೆಯವರು. ಒಂದು ದಿನ ಅವರು ಬಂದು ನನ್ನ ಕಿವಿಯಲ್ಲಿ, “ಸುಮನ, ನಾ ಚೆಲ್ಲಿದ್ದ ನೀರು ಗಟಾರಕ್ಕ ಹೋಗವಲ್ದು. ಎಲ್ಲಿ ಹೋಗತೈತಿ?” ಎಂದು ಕೇಳಿದರು. ಮೋರಿಯ ಪೈಪು ಎಲ್ಲೋ ಒಡೆದಿತ್ತು. ಬಕೆಟ್ಟುಗಟ್ಟಲೆ ನೀರು ಸುರಿದರೂ ಗುಟುಗುಟು ಎಂದು ನೆಲವೇ ಕುಡಿದುಬಿಡುತ್ತಿತ್ತು. ಆಮೇಲೆ ಮೋರಿಯ ಕಲ್ಲಿನ ಸಂದಿಯಿಂದ ಅರಿಶಿಣದ ವಾಸನೆ ಬರುತ್ತಿತ್ತು, ಮಾವಾರ, ಹಳೆಯ, ಹಸಿಹಸಿ ವಾಸನೆ. ಮೊದಲ ಸಲ ಅದು ಮೂಗಿಗೆ ಬಡಿದಾಗ ನನ್ನ ತೋಳಿನ ಕೂದಲು ನಿಂತವು.

ಶನಿವಾರ ಗೋಡೆಯ ಬುಡದಲ್ಲಿ ಬೆರಳು ಹೋಗುವಷ್ಟು ಬಿರುಕು ಕಂಡೆ. ನಿಮ್ಮ ಮಗನನ್ನು ಕರೆದು ತೋರಿಸಿದೆ. ಅವರ ಮುಖವೂ ಬಿಳಿಚಿಕೊಂಡಿತು. ಆದರೆ, “ನಾಳೆ ಮ್ಯಾಚ್ ಐತಿ. ಸೋಮವಾರ ಶೇಠಗ ಹೇಳತೇನಿ” ಅಂದರು.

ಭಾನುವಾರ ಮಧ್ಯಾಹ್ನ ಮೂರೂವರೆಯ ಮ್ಯಾಚು. ವಿಶ್ರಾಮಬಾಗದ ಕಾಲೇಜು ಹುಡುಗರು, ಕುಪವಾಡದ ಕಾರ್ಖಾನೆಗಳಿಂದ ರಜೆಗೆ ಬಂದವರು, ಏನಿಲ್ಲೆಂದರೂ ಅರವತ್ತು ಜನ. ಪ್ರತಿ ಸಿಕ್ಸರಿಗೂ ಅಷ್ಟೂ ಜನ ಎದ್ದು ಕುಣಿಯುವರು, ನನ್ನ ಕಟ್ಟೆಯ ಮೇಲಿನ ಡಬ್ಬಿಗಳು ಗಡಗಡ ಎನ್ನುವವು. ಹಾಗೆ ಅವರು ಕುಣಿದು ಕುಳಿತ ಒಂದು ಸಲ, ಸದ್ದು ಅಡಗಿದ ಮೇಲೂ, ಕೆಳಗೆ ಬೇರೊಂದು ಸದ್ದು ಉಳಿಯಿತು. ಬಾವಿಗೆ ಹಿಡಿ ಹಿಡಿ ಮಣ್ಣು ಬಿದ್ದ ಹಾಗೆ. ರತ್ನಾಬಾಯಿ ನನ್ನ ಮುಖ ನೋಡಿದರು. ನಾನು ಲಟ್ಟಣಿಗೆ ಬಿಟ್ಟು ಶೇಠರ ಹತ್ತಿರ ಓಡಿದೆ. “ಎಲ್ಲಾರನ್ನೂ ಹೊರಗ ಕಳಸ್ರಿ, ನೆಲ ಬೀಳಾಕತ್ತೈತಿ” ಅಂದೆ. “ನಿನ್ನ ಮಾವನ ಹುಚ್ಚು ನಿನಗೂ ಹಿಡಿಯಿತಾ? ಇನ್ನು ಐದು ಓವರು, ಆಮೇಲೆ ನೋಡೋಣ” ಅಂದರು.

ಐದು ಓವರು! ನಾನೊಬ್ಬಳೇ ಹಿತ್ತಲ ಬಾಗಿಲಿನಿಂದ ಹೊರಗೆ ಓಡಿಹೋಗಬೇಕು ಅನ್ನಿಸಿತು. ಸುಳ್ಳು ಹೇಳುವುದಿಲ್ಲ, ಎರಡು ಹೆಜ್ಜೆ ಇಟ್ಟೂ ಇದ್ದೆ. ಹಗೇವು ಎಂದರೆ ಯಾರೂ ಏಳುವುದಿಲ್ಲ, ಯಾವುದಕ್ಕೆ ಏಳುತ್ತಾರೆ ಎಂಬುದು ಆಗ ಹೊಳೆಯಿತು. ಮೇನ್ ಸ್ವಿಚ್ಚು ಕೆಳಗೆಳೆದೆ. ಟಿವಿ ಆರಿತು. ಎಲ್ಲರೂ ಬೈಯಲು ಬಾಯಿ ತೆರೆಯುವುದರೊಳಗೆ, “ಗ್ಯಾಸ ಲೀಕ ಝಾಲಾಯ! ಬಾಹೇರ ಪಳಾ!” ಎಂದು ಕಿರುಚಿದೆ. ಗ್ಯಾಸು ಸೋರಿದೆ, ಹೊರಗೆ ಓಡಿ ಅಂತ. ಕುರ್ಚಿಗಳು ಬಿದ್ದವು, ಗ್ಲಾಸುಗಳು ಒಡೆದವು, ಆದರೆ ನೋಡನೋಡುತ್ತಿದ್ದಂತೆ ಎಲ್ಲರೂ ರಸ್ತೆಯಲ್ಲಿದ್ದರು. ರತ್ನಾಬಾಯಿಯನ್ನು ನಾನೇ ಕೈಹಿಡಿದು ಎಳೆದುಕೊಂಡು ಬಂದೆ.

ನಿಮ್ಮ ಮಗ ಬರಲಿಲ್ಲ.

ಗ್ಯಾಸೆಂದರೆ ಅಡುಗೆಮನೆಯಲ್ಲಿ ನಾನಿದ್ದೇನೆ, ಸಿಲಿಂಡರು ಬಂದ್ ಮಾಡಬೇಕು ಎಂದು ಅವರು ಎಲ್ಲರೂ ಓಡುವ ದಿಕ್ಕಿಗೆ ಬೆನ್ನು ಮಾಡಿ ಒಳಗೆ ಓಡಿದ್ದರು. ನನ್ನ ಸುಳ್ಳು ನಂಬಿ ಒಳಗೆ ಹೋದವರು ಅವರೊಬ್ಬರೇ. ಹಿತ್ತಲ ಬಾಗಿಲಿಗೆ ಬಂದು ನೋಡಿದಾಗ ಮೋರಿಯ ಹತ್ತಿರ ಅವರ ಬೆನ್ನು ಕಂಡಿತು. “ಬರ್ರಿ ಹೊರಗ! ಗ್ಯಾಸ ಇಲ್ಲ!” ಎಂದು ಕೂಗಿದೆ. ಅವರು ತಿರುಗಿದರು. ಹಪ್ಪಳ ಮುರಿದಂತೆ ಒಂದು ಸಪ್ಪಳವಾಯಿತು, ಅವರು ಅಲ್ಲಿ ಇರಲಿಲ್ಲ. ಧೂಳು ಎದ್ದಿತು. ಧೂಳಿನಲ್ಲಿ ಅರಿಶಿಣದ ವಾಸನೆ.

ಶೇಠರು ಕೆಟ್ಟವರಲ್ಲ, ಮಾವಾರ. “ಈರೇಶ!” ಎಂದು ಕೂಗುತ್ತ ಅವರೇ ಮೊದಲು ಬೂಟು ಕಳಚಿ ಇಳಿಯಲು ಹೊರಟರು. ನಾನು ಅವರ ಅಂಗಿ ಹಿಡಿದೆ. ನಿಮ್ಮ ಗೆಳೆಯ ಗಂಗಪ್ಪ ಕಾಕಾ ಹಗೇವಿಗಿಳಿದು ಹೇಗೆ ತೀರಿಹೋದರೆಂದು ನೀವು ಎಷ್ಟು ಸಲ ಹೇಳಿಲ್ಲ, ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ, ದೀಪ ಇಳಿಸದೆ ಕಾಲು ಇಳಿಸಬಾರದು ಅಂತ. ಹಣದ ಗಲ್ಲೆಯ ಮೇಲಿನ ಲಕ್ಷ್ಮಿಯ ಪಟದ ಮುಂದೆ ಉರಿಯುತ್ತಿದ್ದ ದೀಪ ತಂದು ಬಕೆಟ್ಟಿನಲ್ಲಿಟ್ಟು ಹಗ್ಗ ಕಟ್ಟಿದೆ. ಎಲ್ಲರೂ ಹೌಹಾರಿದರು. “ಗ್ಯಾಸ್ ಸೋರಿದೆ ಅಂದವಳು ದೀಪ ತರುತ್ತೀಯಾ?” ಎಂದು ಶೇಠರು ನನ್ನ ಕೈ ಹಿಡಿದರು. “ಸುಳ್ಳ ಹೇಳೇನ್ರಿ. ಗ್ಯಾಸ ಏನೂ ಸೋರಿಲ್ಲ. ನೀವು ನನ್ನ ಮಾತ ಕೇಳಲಿಲ್ಲ, ಅದಕ್ಕ ಹೇಳೇನಿ” ಅಂದೆ. ಅವರು ಕೈ ಬಿಟ್ಟರು.

ಅಂಚಿಗೆ ಹೊಟ್ಟೆ ಹಚ್ಚಿ ಮಲಗಿ ಬಕೆಟ್ಟು ಇಳಿಸಿದೆ. ಎರಡಾಳು ಆಳದಲ್ಲಿ ಮಣ್ಣಿನ ಗುಡ್ಡೆಯ ಮೇಲೆ ಅವರು ಒರಗಿದ್ದರು, ಒಂದು ಕಾಲು ತಿರುಚಿಕೊಂಡಿತ್ತು. ಅವರ ಮುಖದ ಹತ್ತಿರ ದೀಪ ಉರಿಯಿತು. ಮೊಣಕಾಲಿನ ಕೆಳಗೆ ಇಳಿಸಿದ ಕೂಡಲೇ ಯಾರೋ ಊದಿದ ಹಾಗೆ ಆರಿಹೋಯಿತು. ಆ ಕತ್ತಲಿನೊಳಗೆ ನಾನು ಕೂಗಿದ್ದು ಒಂದೇ: “ತೆಳಗ ಜಾರಬ್ಯಾಡ್ರಿ. ತಲಿ ಮ್ಯಾಲ ಇಡ್ರಿ. ಮ್ಯಾಲ ಇಡ್ರಿ.” ಅಗ್ನಿಶಾಮಕದವರು ಬರಲು ಅರ್ಧ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅವರು ಒಡೆದ ಪೈಪು ಹಿಡಿದು ನೇತಾಡಿದ ಹಾಗೆ ಇದ್ದರು. ನಡುವೆ ಹೊರಗಿನ ಕೋಣೆಯಲ್ಲಿ ಭಾರೀ ಸದ್ದಾಯಿತು. ಟಿವಿಯ ಗೋಡೆ, ಪೂಲ್ ಟೇಬಲ್ಲು, ಆ ಅರವತ್ತು ಜನ ಕುಳಿತಿದ್ದ ಜಾಗ ಒಟ್ಟಿಗೇ ಇಳಿದುಹೋದವು. ಆಗ ನಿಮ್ಮ ಮಗ ಕೆಳಗಿನಿಂದ, ಚಿಕ್ಕ ಮಗುವಿನ ದನಿಯಲ್ಲಿ, “ಅಪ್ಪಾ ಖರೇನ ಹೇಳಿದ್ರು” ಅಂದರು.

ಮುಖಕ್ಕೆ ಗಾಳಿಯ ಮುಖವಾಡ ಕಟ್ಟಿಕೊಂಡ ಇಬ್ಬರು ಇಳಿದು ಎತ್ತಿದರು. ಕಣಕಾಲಿನ ಎಲುಬು ಎರಡು ಕಡೆ ಮುರಿದಿದೆ, ಸೋಮವಾರ ಆಪರೇಶನ್ ಮಾಡಿ ಒಳಗೆ ಉಕ್ಕಿನ ಸಳಿ ಹಾಕಿದ್ದಾರೆ. ಮೂರು ತಿಂಗಳಿಗೆ ನಡೆಯುತ್ತಾರಂತೆ. ಎಚ್ಚರವಾದ ಮೇಲೆ ನಾನು ಸುಳ್ಳಿನ ಮಾತು ತೆಗೆದು ಅತ್ತೆ. ಅವರು, “ನಾ ಒಬ್ಬನ ಬಿದ್ದೆ. ಇಲ್ಲಂದ್ರ ಅಷ್ಟೂ ಮಂದಿ ಬೀಳತಿದ್ರು. ಅಳಬ್ಯಾಡ” ಅಂದರು. ಆದರೆ ಕಣ್ಣು ಮುಚ್ಚಿದರೆ ಸಾಕು, ಮಂಚ ಕೆಳಗೆ ಹೋಗುತ್ತಿದೆ ಎಂದು ಬೆಚ್ಚಿ ನನ್ನ ಕೈ ಹಿಡಿಯುತ್ತಾರೆ. ಶೇಠರು ದಿನಾ ಬಂದು ಬಾಗಿಲ ಹತ್ತಿರ ನಿಂತು ಹೋಗುತ್ತಾರೆ. ನಿನ್ನೆ, “ಬಾಬಾರ ಕಾಲು ಹಿಡಿಯಬೇಕು ನಾನು” ಎಂದಷ್ಟೇ ಅಂದರು.

ಮಹಾಪಾಲಿಕೆಯವರು ಹಗ್ಗ ಕಟ್ಟಿ ರಸ್ತೆ ಮುಚ್ಚಿದ್ದಾರೆ. ಹಗೇವುಗಳ ನಕ್ಷೆ ಯಾರ ಹತ್ತಿರವೂ ಇಲ್ಲವಂತೆ. ಅದೇ ಬಯಲಿನ ಮೇಲೆದ್ದ ನಮ್ಮ ಓಣಿಯಲ್ಲಿ ಹಗಲಿಡೀ ಠಕ್ ಠಕ್ ಸದ್ದು. ಮನೆಮನೆಯಲ್ಲೂ ಒನಕೆ, ಸುತ್ತಿಗೆ, ಕಲ್ಲು, ಕೈಗೆ ಸಿಕ್ಕಿದ್ದರಿಂದ ನೆಲ ಕುಟ್ಟಿ ಕಿವಿ ಹಚ್ಚಿ ಕೇಳುತ್ತಾರೆ. ಪೊಳ್ಳು ಯಾವುದು, ಗಟ್ಟಿ ಯಾವುದು ಒಬ್ಬರಿಗೂ ತಿಳಿಯದು. ನಿಮ್ಮ ಮೊಮ್ಮಗಳು ಮಯೂರಿ ಮನೆಯಲ್ಲಿ ಗೋಡೆಗೆ ಬೆನ್ನು ಹಚ್ಚಿಕೊಂಡು ಅಂಚಿನಲ್ಲೇ ನಡೆಯುತ್ತಾಳೆ. ಕನ್ನಡದಲ್ಲಿ ಕೇಳಿದರೂ ಮರಾಠಿಯಲ್ಲೇ ಉತ್ತರ ಕೊಡುವ ಹುಡುಗಿ ಮೊನ್ನೆ ನನ್ನ ಸೆರಗು ಹಿಡಿದು, “ಅಜ್ಜಾ ಯಾವಾಗ ಬರ್ತಾರ?” ಎಂದು ನಮ್ಮ ಮಾತಿನಲ್ಲೇ ಕೇಳಿದಳು.

ನೀವು ಬರಬೇಕೆಂದು ಕೇಳುವ ಮುಖ ನಮಗಿಲ್ಲ. ತಪ್ಪಾಯಿತು, ಮಾವಾರ. ನಿಮ್ಮ ಮಗನ ತಪ್ಪಿಗಿಂತ ನಾನು ಸುಮ್ಮನಿದ್ದ ತಪ್ಪು ದೊಡ್ಡದು. ತುಳಸವ್ವ ಅತ್ತಿಗೆ ನಮಸ್ಕಾರ ಹೇಳಿ, ಗಾಬರಿಪಡಿಸದೆ ನಿಧಾನವಾಗಿ ತಿಳಿಸಿ. ನಮ್ಮ ಮೂವರ ತಲೆಯ ಮೇಲೆ ನಿಮ್ಮ ಕೈ ಇರಲಿ.

ನಿಮ್ಮ ಸೊಸೆ,
ಸುಮನ

ತಾ.ಕ.: ಪತ್ರ ಮಡಚಿ ಚೀಲದಲ್ಲಿಟ್ಟಿದ್ದೆ, ಮತ್ತೆ ತೆರೆದು ಬರೆಯುತ್ತಿದ್ದೇನೆ. ಬಟ್ಟೆ ಒಯ್ಯಲು ಮಧ್ಯಾಹ್ನ ಮನೆಗೆ ಬಂದೆ. ಎಲ್ಲರ ಹಾಗೆ ನಾನೂ ಒನಕೆಯಿಂದ ಕುಟ್ಟಿ ನೋಡಿದೆ. ಅಡುಗೆಮನೆ ಗಟ್ಟಿ, ಬಾಗಿಲ ಕಡೆ ಗಟ್ಟಿ. ಒಳಕೋಣೆಯಲ್ಲಿ ನಿಮ್ಮ ಕಬ್ಬಿಣದ ಮಂಚವನ್ನು ಮೊದಲ ಸಲ ಸರಿಸಿದೆ. ಅದರ ಕೆಳಗೆ ಕುಟ್ಟಿದರೆ ಸದ್ದು ಒಳಗೆ ಹೋಗಿ ಉಳಿಯುತ್ತದೆ, ಬಾರಿನಲ್ಲಿ ಉಳಿದ ಹಾಗೆ. ನೀವು ಆ ಮಂಚವನ್ನು ಹದಿನಾಲ್ಕು ವರ್ಷ ಯಾರಿಗೂ ಸರಿಸಲು ಬಿಡಲಿಲ್ಲ, ಮಯೂರಿ ತೆವಳಿಕೊಂಡು ಕೆಳಗೆ ಹೋದರೆ ಸಿಟ್ಟಿನಿಂದ ಎಳೆದು ತರುತ್ತಿದ್ದಿರಿ. ನಿಮಗೆ ಗೊತ್ತಿತ್ತೇ? ನಾವು ಯಾರೂ ಅಲ್ಲಿ ಕಾಲಿಡಬಾರದೆಂದು ನೀವೇ ಅದರ ಮೇಲೆ ಮಲಗುತ್ತಿದ್ದಿರಾ? ಮಯೂರಿಯನ್ನು ಈಗಲೇ ಮಿರಜಿಗೆ ಕರೆದೊಯ್ಯುತ್ತಿದ್ದೇನೆ. ನಿಮ್ಮ ಮಗನಿಗೆ ಇನ್ನೂ ಹೇಳಿಲ್ಲ. ಈ ಪತ್ರವನ್ನು ಉಮದಿ ಬಸ್ಸಿನ ಕಂಡಕ್ಟರ ಕೈಗೆ ಕೊಡುತ್ತೇನೆ, ನಾಳೆಯ ಬಸ್ಸಿಗೆ ಬನ್ನಿ. ಓಣಿಯವರಿಗೆಲ್ಲ ಯಾವ ಮನೆ ಬಿಡಬೇಕು, ಯಾವುದರಲ್ಲಿ ಇರಬಹುದು ಎಂದು ಹೇಳಿ. ನಮ್ಮ ಬಾಗಿಲಿಗೆ ಬಂದರೆ ಹೊರಗೇ ನಿಂತು ಕೂಗಿ, ಮಾವಾರ. ಒಳಗೆ ಕಾಲಿಡಬೇಡಿ.