ಅಡಗಿಮನಿತನಕ ಕೇಳಬೇಕು

ಬೈಲಹೊಂಗಲ
೨ ಡಿಸೆಂಬರ್ ೨೦೨೪

ಪ್ರೀತಿಯ ಪ್ರಿಯಂವದಾ,

ನಿನ್ನ ಅವ್ವನ ಆಶೀರ್ವಾದ. ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಈ ಸಲ ಬರೆಯಲಾರೆ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಅಪ್ಪ ಎದುರಿಗೇ ಕೂತಿರುತ್ತಾರೆ. ಅದಕ್ಕೇ ಈ ಪತ್ರ.

ದೀಪಾವಳಿಗೆ ಬಂದಾಗ ನೀನು ನನ್ನಿಂದ ಭಾಷೆ ತೆಗೆದುಕೊಂಡಿದ್ದೆ. ಪಿಯಾನೊ ಮುಟ್ಟಿದ ಕೂಡಲೇ ನಿನ್ನ ಬಲಗೈಯ ಕೊನೆಯ ಎರಡು ಬೆರಳು ತಾವಾಗಿ ಮಡಚಿಕೊಳ್ಳುತ್ತವೆ, ಇನ್ನು ಕಛೇರಿ ಆಗದು ಎಂದು ಪುಣೆಯ ಡಾಕ್ಟರು ಹೇಳಿದ್ದು. ಚಿಕ್ಕಂದಿನಲ್ಲಿ ಗಟ್ಟಿ ಹಲಗೆಯ ಮೇಲೆ ಬಡಿದದ್ದೇ ಇದರ ಮೂಲವಿರಬೇಕು ಎಂದದ್ದು. ಎರಡೂ ಅಪ್ಪನ ಕಿವಿಗೆ ಬೀಳಬಾರದು ಎಂದು ನೀನು ಹೇಳಿದ್ದೆ. ನಿನ್ನೆ ನಾನು ಆ ಭಾಷೆ ಮುರಿದೆ. ಬೈಯುವುದಿದ್ದರೆ ಬೈ, ಆದರೆ ಪೂರ್ತಿ ಓದಿ ಬೈ.

ಆ ಹಲಗೆ ನಿನ್ನ ಅಪ್ಪನ ಜೀವ. ಹಾರ್ಮೋನಿಯಂ ಮಾಸ್ತರನ ಮನೆಗೆ ಪಿಯಾನೊ ಎಲ್ಲಿಂದ ಬರಬೇಕು? ಭಾನುವಾರಕ್ಕೊಮ್ಮೆ ಬೆಳಗಾವಿಯ ಪಿಯಾನೊ ಮಿಸ್ ಮನೆಯಲ್ಲಿ ಒಂದು ತಾಸು. ಉಳಿದ ಆರು ದಿನಕ್ಕೆಂದು ನಿನ್ನ ಅಪ್ಪನೇ ಟೇಪು ಹಿಡಿದು ಅಳತೆ ತಂದು, ಬಡಿಗೇರ ಶಂಕ್ರೆಪ್ಪನಿಂದ ತೇಗದ ಹಲಗೆ ಕೊಯ್ಯಿಸಿ, ಎಂಬತ್ತೆಂಟು ಕರಿ-ಬಿಳಿ ಪಟ್ಟಿಗಳನ್ನು ಬಣ್ಣದಲ್ಲಿ ಬರೆದರು. ಮರದ ಹಲಗೆಗೆ ಸ್ವರವೆಲ್ಲಿ? ಬೆರಳಿನ ಬಡಿತ ಎಣಿಸಿಯೇ ತಪ್ಪು ಹಿಡಿಯಬೇಕು. "ಒಂದೊಂದು ಬೆರಳ ಬಡದದ್ದು ಅಡಗಿಮನಿತನಕ ಕೇಳಬೇಕವಾ" ಎನ್ನುತ್ತಿದ್ದರು. ಅಡಿಗೆಮನೆಯಲ್ಲಿ ಕಿವಿಗೊಟ್ಟು ಕೂತವಳು ನಾನು. ಒಂದು ಬಡಿತ ಮೆತ್ತಗಾದರೂ ಚಪಾತಿ ಲಟ್ಟಿಸುತ್ತ "ಕೇಳಲಿಲ್ಲಾ" ಎಂದು ಕೂಗುತ್ತಿದ್ದೆ. ನೀನು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದೆ. ಹೀಗೆ ಆರು ವರ್ಷ.

ಈ ಸಲ ನೀನು ಹೋದ ಮರುದಿನವೇ ಅವರು ಅದನ್ನು ಅಟ್ಟದಿಂದ ಇಳಿಸಿದರು. "ನಿಮ್ಮ ಅತ್ಯಾ ಇದರ ಮ್ಯಾಲೆ ಕಲತು ವಿಯೆನ್ನಾದಾಗ ಬಾರಿಸಿ ಬಂದಾಳ" ಎಂದು ನಿನ್ನ ಅಣ್ಣ ಅಭಿಜಿತನ ಮಗಳು ಭಾವನಾಳನ್ನು ಕೂರಿಸಿದರು. ಎಂಟು ವರ್ಷದ ಕೂಸು. ನಾನು ಬಾಯಿ ಬಿಡಲಿಲ್ಲ. ನಿನಗೆ ಕೊಟ್ಟ ಭಾಷೆ ಒಂದು ಕಡೆ, ಆ ಮುದುಕನ ಮುಖದ ಕಳೆ ಇನ್ನೊಂದು ಕಡೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು, ಬಡಿತ ಕೇಳದಿದ್ದರೂ ಒಳಗಿನಿಂದ "ಕೇಳಸ್ತು, ಕೇಳಸ್ತು" ಎಂದು ಸುಳ್ಳು ಹೇಳತೊಡಗಿದೆ. ಮಗುವಿನ ಬೆರಳು ಉಳಿಸಿದೆ ಎಂದು ಜಂಬವೂ ಇತ್ತು.

ನಿನ್ನೆ ಊಟಕ್ಕೆ ಕೂತಾಗ ಭಾವನಾ ಎಡಗೈಯಿಂದ ಅನ್ನ ಕಲಸಿದಳು. ಗದರಿದೆ. ಬಲಗೈ ಫ್ರಾಕಿನಲ್ಲಿ ಮುಚ್ಚಿಕೊಂಡು, "ಅಜ್ಜಾಗ ಹೇಳಬ್ಯಾಡ ಅಜ್ಜಿ, ಬೆರಳ ಮಡಚಲಿಕ್ಕೆ ಬರವಲ್ದು" ಎಂದಳು. ಗಿಣ್ಣುಗಳು ಊದಿದ್ದವು. ನನ್ನ "ಕೇಳಸ್ತು" ಕೇಳಿದಾಗಲೆಲ್ಲ ಅಜ್ಜ, "ಮೆತ್ತಗ ಬಡದರೂ ಕೇಳಸ್ತು ಅಂತಾಳ, ಆಕಿ ಕಿವಿ ಮಂದ ಆಗ್ಯಾವ, ನೀ ಇನ್ನೂ ಜೋರ ಬಡಿ" ಎನ್ನುತ್ತಿದ್ದರಂತೆ.

ಅಲ್ಲಿಯೇ ನಿನ್ನ ಬೆರಳಿನ ಸಂಗತಿ ಎಲ್ಲ ಹೇಳಿಬಿಟ್ಟೆ. ಅವರು ಸಿಟ್ಟಾಗಲಿಲ್ಲ. ತುತ್ತನ್ನು ತಾಟಿನಲ್ಲೇ ಬಿಟ್ಟು, "ಹಂಗಾದ್ರ ಪ್ರಿಯಾನ ಕೈ ನಾನ ಮುರದೆ" ಎಂದರು. ಸಂಜೆ ಹಾರ್ಮೋನಿಯಮ್ಮಿಗೆ ಹೊದಿಕೆ ಹಾಕಿ ಹಗ್ಗ ಬಿಗಿದರು. ಕಲಿಯಲು ಬಂದ ಮಂಜುಳಾ ಮತ್ತು ಅವಳ ತಂಗಿಯನ್ನು ಬಾಗಿಲಿನಿಂದಲೇ ತಿರುಗಿಸಿ ಕಳಿಸಿದರು: "ನನ್ನ ಕಡೆ ಕಲೀಬ್ಯಾಡ್ರಿ, ನಾ ಕೆಡಸ್ತೇನಿ." ಇವತ್ತು ಬೆಳಗಿನಿಂದ ಬಾಯಿಗೆ ಹನಿ ನೀರು ಹಾಕಿಲ್ಲ. ನನಗೆ ಹೆದರಿಕೆಯಾಗಿದೆ, ಪ್ರಿಯಾ. ಭಾವನಾಳ ಬೆರಳು ವಾಸಿಯಾಗುತ್ತದೆ ಎಂದು ಡಾಕ್ಟರು ಹೇಳಿದರು. ಇವರನ್ನು ಯಾರಿಗೆ ತೋರಿಸಲಿ?

ನೀನೊಮ್ಮೆ ಬಾ. ಅಪ್ಪನದು ತಪ್ಪಿಲ್ಲ ಎಂದು ಬಾಯಿತುಂಬ ಹೇಳಿ ಹೋಗು. ಸುಳ್ಳಾದರೂ ಹೇಳು.

ನಿನ್ನ ಅವ್ವ,
ಗಂಗೂಬಾಯಿ

ತಾ. ಕ.: ಅದು ಸುಳ್ಳಾಗುವುದಿಲ್ಲ. ನಿನಗೆ ಹತ್ತು ವರ್ಷವಿದ್ದಾಗ ಒಂದು ಭಾನುವಾರ ಅಪ್ಪನಿಗೆ ಜ್ವರ ಬಂದು, ಬೆಳಗಾವಿಗೆ ನಿನ್ನನ್ನು ನಾನು ಕರೆದೊಯ್ದಿದ್ದೆ. ಮಿಸ್ ನನ್ನನ್ನು ಹೊರಗೆ ಕರೆದು, "ಹಲಗೆಯ ಮೇಲೆ ಬಡಿಯಿಸುವುದನ್ನು ನಿಲ್ಲಿಸಿರಿ, ಕೈ ಕೆಡುತ್ತದೆ, ನಿಮ್ಮ ಮನೆಯವರಿಗೆ ಹೇಳಿ" ಎಂದರು. ಹೇಳಿದ್ದರೆ ನಿನ್ನ ಅಪ್ಪ ಅಂದೇ ನಿಲ್ಲಿಸುತ್ತಿದ್ದರು. ಆದರೆ ಮುಂದಿನ ತಿಂಗಳು ನಿನ್ನ ಮುಂಬಯಿ ಸ್ಪರ್ಧೆಯಿತ್ತು, ನೀನು ಗೆಲ್ಲುವುದನ್ನು ನೋಡುವ ಆಸೆ ನನಗಿತ್ತು. ನೀನು ಗೆದ್ದೆ, ನಾನು ಸುಮ್ಮನಾದೆ. ನಿನ್ನೆ ಅವರು "ನಾನ ಮುರದೆ" ಎಂದಾಗಲೂ ನಾನು ಸುಮ್ಮನೇ ಕೂತಿದ್ದೆ.