ಅಫಿಬಾ ಕಟ್ಟಿದ ತಲೆವಸ್ತ್ರ

ಜೂನ್ ೧೨

...ಅಲ್ಲ, ಫೋಟೋದ ಕೆಳಗಿನ ಆ ಸಾಲನ್ನು ತೆಗೆದುಹಾಕುವುದೇನೋ ಸರಿ. ಬದಲಿಗೆ ಏನು ಬರೆಯುವುದು? ಮ್ಯೂಸಿಯಂ ಹುಡುಗಿ ಮಾವಿಸ್ ಇವತ್ತೂ ಬಂದಿದ್ದಳು. ಬೆಳೆದದ್ದು ಆಮ್‌ಸ್ಟರ್‌ಡ್ಯಾಮಿನಲ್ಲಿ, ಬಣ್ಣ ನಮ್ಮದೇ. ಕೈಯಲ್ಲಿ ಅದೇ ಫೋಟೋ — ತೀರಿಹೋದ ನನ್ನಾಕೆ ಹರ್ಮೀನಾಳ ಅಜ್ಜಿ ಅಫಿಬಾ, ತೋಟದ ದೊರೆಯ ಕುರ್ಚಿಯ ಪಕ್ಕ ನಿಂತಿದ್ದಾಳೆ. ಕೆಳಗೆ ಡಚ್ಚರವನು ಬರೆದದ್ದು: 'ಸಂತೃಪ್ತ ಸೇವಕಿ, ಪಾರಮಾರಿಬೊ.' ನಮ್ಮೂರಿನ ಹೆಸರಿದೆ, ಅವಳ ಹೆಸರೇ ಇಲ್ಲ.

"ನೀವೇ ಹೇಳಿ ಅಂಕಲ್, ಮ್ಯೂಸಿಯಂ ಗೋಡೆ ಮೇಲೆ ಏನು ಬರೀಲಿ?"

ಕನ್ನಡಕದ ಹತ್ತಿರ ಹಿಡಿದೆ. ತಲೆಗೆ ಅಂಗಿಸಾ ಕಟ್ಟಿದ್ದಾಳೆ. ಗಂಜಿ ಹಾಕಿದ ಬಟ್ಟೆ, ತುದಿ ಪಕ್ಕಕ್ಕೆ ಚಾಚಿದೆ. ನಗು ಬಂತು. ಮದುವೆಗೆ ಮೊದಲು ಹರ್ಮೀನಾ ಹೀಗೇ ಕಟ್ಟಿಕೊಂಡು ನಮ್ಮ ಕಾಲೇಜಿನ ಗೇಟಿನ ಮುಂದೆ ಹಾದುಹೋಗುತ್ತಿದ್ದಳು. ಬಾಯಿ ಬಿಡುವ ಕೆಲಸವೇ ಇಲ್ಲ; ನಮ್ಮಲ್ಲಿ ಅಂಗಿಸಾ ಕಟ್ಟುವ ಒಂದೊಂದು ಬಗೆಗೂ ಒಂದೊಂದು ಮಾತು. ಈ ಕಟ್ಟಿನ ಅರ್ಥ: ಮೂಲೆಯಲ್ಲಿ ಕಾಯ್ತಿರು.

ದೊರೆಗೆ ಓದಲು ಬರಲಿಲ್ಲ, ಪಾಪ.

ಜೂನ್ ೧೫

ಗೋಡೆಗೆ ಆ ಮಾತೇ ಸಾಕು ಎಂದು ಫೋನಿನಲ್ಲಿ ಹೇಳಿದ್ದಕ್ಕೆ ನಾದಿನಿ ಲುಡ್ವಿನಾ ಓಡಿಬಂದಳು. ಕೂರಲಿಲ್ಲ.

"ಅರಳುಮರುಳಾ ಭಾವ ನಿಮಗೆ? ಚರ್ಚಲ್ಲಿ ಮುಂದಿನ ಬೆಂಚು ನಮ್ಮಜ್ಜಿದು. ಗಂಡಸನ್ನ ಮೂಲೆಗೆ ಕರೆದ್ಲು ಅಂತ ಗೋಡೆ ಮೇಲೆ ಬರೆಸ್ತೀರಾ?"

"ಗಂಡಸು ಅಂತ ನಾನೆಲ್ಲಿ ಅಂದೆ?"

"ಮತ್ತೇನು, ಮೀನು ಮಾರೋಳನ್ನ ಕರೆದ್ಲಾ?"

"ಹಾಗಾದ್ರೆ ಏನು ಬರೀಬೇಕು ಹೇಳು."

"ದೈವಭಕ್ತೆ. ಸದ್ಗೃಹಿಣಿ. ಸಾಕು."

"ದೊರೆ ಸೇವಕಿ ಮಾಡಿದ, ನೀನು ದೇವತೆ ಮಾಡ್ತೀಯ. ಅವಳೇ ಆಡಿದ್ದು ಅಂತ ಉಳಿದಿರೋದು ಇದೊಂದೇ ಮಾತು ಕಣೇ."

ಬಾಗಿಲು ದಡಾರ್.

ಜೂನ್ ೨೨

ಆ ಮಾತನ್ನೇ ಬರೆ ಎಂದು ಮಾವಿಸ್‌ಗೆ ಹೇಳಿಬಿಟ್ಟೆ. ಅಚ್ಚಿಗೆ ಹೋಯಿತಂತೆ. ಲುಡ್ವಿನಾ ಫೋನ್ ಎತ್ತುತ್ತಿಲ್ಲ. ಹರ್ಮೀನಾ ಕಡೆಯವರು ಅಂತ ಇದ್ದವಳು ಇವಳೊಬ್ಬಳೇ...

ಜುಲೈ ೧, ಸಂಜೆ

ಗುಲಾಮಗಿರಿಯಿಂದ ಬಿಡುಗಡೆಯ ಹಬ್ಬ. ಬೀದಿ ತುಂಬ ಅಂಗಿಸಾ. ಮ್ಯೂಸಿಯಂ ಗೋಡೆಯಲ್ಲಿ: 'ಅಫಿಬಾ. ಅವಳ ತಲೆವಸ್ತ್ರದ ಮಾತು — ಮೂಲೆಯಲ್ಲಿ ಕಾಯ್ತಿರು.' ನಮ್ಮ ಹೆಂಗಸರು ಮೊಣಕೈ ತಿವಿದುಕೊಂಡು ನಗುತ್ತಿದ್ದರು.

ಪರದೇಶದ ಹೆಂಗಸೊಬ್ಬಳು ಇಂಗ್ಲಿಷಿನಲ್ಲಿ ಕೇಳಿದಳು — ಪಾಪ, ಯಾರಿಗೋಸ್ಕರ ಕಾಯುತ್ತಿದ್ದಳು ಇವಳು? ತಿರುಗುಮುರುಗು ಮಾಡಿದಳಲ್ಲ! ಕಾಲೇಜಿನ ಗ್ರಾಮರ್ ತಡಕಾಡಿದೆ. ಆಕ್ಟಿವ್ ವಾಯ್ಸ್... ಪ್ಯಾಸಿವ್ ವಾಯ್ಸ್... "ಶೀ ಈಸ್ ವೇಟೆಡ್," ಅಂದೆ. ಆಕೆಯ ಮುಖ ಇನ್ನಷ್ಟು ಪಾಪ ಅಂದಿತು.

ಹಿಂದಿನಿಂದ ಲುಡ್ವಿನಾಳ ದನಿ. ಯಾವಾಗ ಬಂದಿದ್ದಳೋ.

"ನೋ ಮೇಡಂ. ಹೀ ವೇಟ್. ಶೀ ಕಮ್ — ವೆನ್ ಶೀ ಲೈಕ್."

ಹೊರಗೆ ಬಂದ ಮೇಲೆ ಕೇಳಿದೆ, "'ಹೀ' ಅಂದ್ಯಲ್ಲೇ?"

"ಬಾಯ್ಮುಚ್ಕೊಂಡು ನಡೀರಿ ಭಾವ."

ಅರ್ಧ ದಾರಿಯಲ್ಲಿ ತಾನಾಗಿಯೇ, ಮೂಲೆಯಲ್ಲಿ ಕಾಯುತ್ತಿದ್ದವನ ಹೆಸರು ಹೇಳಿದಳು. ಗೋಡೆಗೆ ಬೇಡ, ಅದು ಅಜ್ಜಿಗಿರಲಿ, ಎಂದಳು. ಸರಿಯೇ. ಇಲ್ಲೂ ಬರೆಯುವುದಿಲ್ಲ. ಕಿಟಕಿಯ ಹತ್ತಿರ ಸರಿದರೂ ಬೆಳಕು ಸಾಲದು, ಪುಟದ ಗೆರೆ ಕಾಣು —