ಪರದೆಯಲ್ಲಿ ನನ್ನ ಕಾಲುಭಾಗ

ಜೂನ್ 3, ಶನಿವಾರ

ಟಿವಿಯ ಕಾರ್ ರೇಸ್ ಆಟದಲ್ಲಿ ಇವತ್ತೂ ನಾನೇ. ಒಂದು ರೇಸ್ ಬಿಟ್ಟು ಮಿಕ್ಕಿದ್ದೆಲ್ಲ ನನ್ನದು. ಗೆಳೆಯ ಡುಮ್ಮನ ಮುಖ ನೋಡಬೇಕಿತ್ತು. ಮೆಡಿಕಲ್ ಶಾಪಿನಲ್ಲಿ ದಿನವಿಡೀ ಮಾತ್ರೆ ಕತ್ತರಿಸಿ ಕೊಡುವ ಕೈ, ಅದಕ್ಕೆ ಕಾರು ಎಲ್ಲಿ ಒಗ್ಗಬೇಕು. ಭಾವಮೈದ ಕೊನೇ ತಿರುವಿನವರೆಗೂ ಮುಂದಿದ್ದ. ಗೆಲುವಿನ ಗೆರೆ ಹತ್ತಿರ ಬಂದು ಎಡವಟ್ಟು ಮಾಡಿಕೊಂಡ. ಯಾವಾಗಲೂ ಹಾಗೇ. ಗೆಲ್ಲುವುದಕ್ಕೂ ಗುಂಡಿಗೆ ಬೇಕು.

ಹೆಂಡತಿ ಎಂದಿನಂತೆ ಕೊನೆ. ಆಟ ಶುರುವಾಗುವ ಮುಂಚೆ ಟೀಪಾಯಿ ಮೇಲಿನ ಗಾಜಿನ ಲೋಟಗಳನ್ನು ಒಳಗಿಟ್ಟು ಸ್ಟೀಲ್ ಲೋಟ ತಂದಿಡುತ್ತಾಳೆ. ಆಟಕ್ಕಿಂತ ಅಚ್ಚುಕಟ್ಟಿನ ಮೇಲೇ ಗಮನ. ಗೆಲ್ಲುವುದು ಹೇಗೆ?

ಡುಮ್ಮ ಮತ್ತೆ ನನ್ನ ಭಾಗಕ್ಕೆ ಕಣ್ಣು ಹಾಕುತ್ತಿದ್ದ. ಬೈದೆ. ಟಿವಿ ನಾಲ್ಕು ಭಾಗ ಆದಮೇಲೆ ಒಬ್ಬೊಬ್ಬರಿಗೆ ಒಂದೊಂದು. ನನ್ನದು ಕೆಳಗೆ, ಎಡಕ್ಕೆ. ಇನ್ನೊಬ್ಬರ ಕಾಲುಭಾಗ ನೋಡಬಾರದು. ನನ್ನ ಅಡ್ಡದಾರಿ ಕದ್ದು ಕಲಿಯಬಾರದೆಂದು ನಾನೇ ಮಾಡಿದ ಕಾನೂನು. ಸೋಫಾ ನನ್ನದು, ಟಿವಿ ನನ್ನದು, ಕಾನೂನೂ ನನ್ನದೇ. ನಾನಂತೂ ಒಂದು ದಿನವೂ ಮುರಿದಿಲ್ಲ.

ಜೂನ್ 6, ಮಂಗಳವಾರ

ನನ್ನ ಹತ್ತಿರ ಕಾರು ಕಲಿಯುವ ಬ್ಯಾಂಕಿನ ಮೇಡಂ ಇವತ್ತು ಸಿಗ್ನಲ್ ಹತ್ತಿರವೇ ಕಾರಿನಿಂದ ಇಳಿದು ನಡೆದುಬಿಟ್ಟರು. ಬಾಗಿಲು ಕೂಡ ಹಾಕಲಿಲ್ಲ. ಹಿಂದೆ ಹಾರ್ನೋ ಹಾರ್ನು. ಬ್ರೇಕ್ ಅಂದರೆ ಬ್ರೇಕ್ ಒತ್ತಬೇಕು ತಾನೇ. ನನ್ನ ಕಾಲಡಿಯ ಬ್ರೇಕ್ ಎಷ್ಟು ಸಲ ಒತ್ತಲಿ. ಸ್ವಲ್ಪ ಜೋರಾಗಿ ಹೇಳಿದೆ. ಅಷ್ಟೇ.

ಡ್ರೈವಿಂಗ್ ಸ್ಕೂಲ್ ಓನರ್ ಕರೆದು ಕೂರಿಸಿಕೊಂಡರು. "ಮೆತ್ತಗೆ ಹೇಳಪ್ಪ. ನಿನ್ನ ಪಕ್ಕ ಕೂತ್ರೆ ಗಂಡಸರಿಗೂ ಕೈ ನಡುಗುತ್ತಂತೆ."

ಬೆಣ್ಣೆ ಹಚ್ಚುವುದಕ್ಕೆ ನನಗೆ ಬರುವುದಿಲ್ಲ ಅಂದೆ.

ಶನಿವಾರ ಬಂದರೆ ಸಾಕು. ವಾರವೆಲ್ಲ ಪಕ್ಕದ ಸೀಟು, ಬೇರೆಯವರ ಕೈಯಲ್ಲಿ ಸ್ಟೀರಿಂಗ್. ಆ ಸೋಫಾದಲ್ಲಿ ಕೂತಾಗ ಮಾತ್ರ ನಾನೂ ಒಬ್ಬ ಮನುಷ್ಯ ಅನ್ನಿಸುತ್ತದೆ. ಅಲ್ಲಿ ನನ್ನನ್ನು ಮೀರಿಸುವವರಿಲ್ಲ.

ಜೂನ್ 10, ಶನಿವಾರ

ತಲೆ ಇನ್ನೂ ಬಿಸಿಯಾಗಿದೆ. ಆದದ್ದು ಆದ ಹಾಗೇ ಬರೆಯುತ್ತೇನೆ.

ಎರಡನೇ ರೇಸ್, ಕೊನೇ ಸುತ್ತು. ನನ್ನ ಕಂಟ್ರೋಲರಿನ ಚಾರ್ಜ್ ಮುಗಿಯಿತು. ಹಳೇ ಆಟ, ತಾನಾಗಿ ನಿಲ್ಲುವುದಿಲ್ಲ. ನನ್ನ ಕಾರು ಮಾತ್ರ ರಸ್ತೆ ಮಧ್ಯೆ ನಿಂತಿತು. ಬಾಯಿ ಬಿಡಲಿಲ್ಲ. ಸೋಲಿಗೆ ನೆಪ ಅನ್ನುತ್ತಾರೆ. ಸುಮ್ಮನೆ ಗುಂಡಿ ಒತ್ತುತ್ತಾ ಕೂತೆ. ಮಾಡಲು ಕೆಲಸವಿಲ್ಲ... ಕಣ್ಣು ಪಕ್ಕಕ್ಕೆ ಹೋಯಿತು.

ಡುಮ್ಮನ ಕಾರು ಗೆರೆಗೆ ಹತ್ತಿರದಲ್ಲೇ ಗೋಡೆಗೆ ಮೂಗು ತಿಕ್ಕುತ್ತಾ ನಿಂತಿದೆ. ಭಾವಮೈದನದು ಒಂದಿಷ್ಟು ಹಿಂದೆ, ಒಂದಿಷ್ಟು ಮುಂದೆ ಸರಿಯುತ್ತಿದೆ. ಹೆಂಡತಿಯದು ಎಲ್ಲಕ್ಕಿಂತ ಮುಂದೆ. ಗೆರೆಗೆ ತಾಗಿದಂತೆ ನಿಂತಿದೆ. ಬ್ರೇಕ್ ಲೈಟ್ ಕೆಂಪಗೆ ಉರಿಯುತ್ತಿದೆ.

ಯಾರೂ ದಾಟುತ್ತಿಲ್ಲ. ಮೂವರ ಕಣ್ಣೂ ನನ್ನ ಕಾಲುಭಾಗದ ಮೇಲೆ.

"ಯಾಕ್ ಭಾವ, ನಿಮ್ ಕಾರು ಇನ್ನೂ ಬರ್ಲಿಲ್ವಲ್ಲ?" ಅಂದ ಭಾವಮೈದ. ಅಂದವನೇ ನಾಲಿಗೆ ಕಚ್ಚಿಕೊಂಡ. ಡುಮ್ಮ ಛಾವಣಿ ನೋಡಿದ.

ಟಿವಿ ಆಫ್ ಮಾಡಿದೆ.

ಜೂನ್ 11, ಭಾನುವಾರ. ಬೆಳಿಗ್ಗೆ

ಹೆಂಡತಿಯನ್ನು ಕೇಳಿದೆ. ಬಟ್ಟೆ ಮಡಚುತ್ತಿದ್ದಳು.

"ಯಾವಾಗಿಂದ ನಡೀತಿದೆ ಇದು?"

"ಯಾವುದು ರೀ?"

"ನಾಟಕ ಬೇಡ."

ಅಂಗಿಯ ತೋಳು ಎರಡು ಸಲ ಮಡಚಿ ಬಿಡಿಸಿದಳು. "ನೀವು ಸೋತ ವಾರ ಮನೇಲಿ ಇರೋಕಾಗಲ್ಲ. ಬಾಗ್ಲು ಸದ್ದಾದ್ರೂ ಬೈಸ್ಕೊಳ್ಳೋದು ನಾನೇ, ಫ್ಯಾನ್ ಸದ್ದಾದ್ರೂ ನಾನೇ. ಗೆದ್ದ ವಾರ ನೆಮ್ಮದಿ. ಅದಕ್ಕೇ ಅವ್ರಿಬ್ರಿಗೂ ಹೇಳ್ದೆ."

"ಏನಂತ?"

"ಗೆಲ್ಲಿಸಿಬಿಡಿ ಅಂತ. ಡುಮ್ಮಣ್ಣ ಮೊದ್ಲು ಒಪ್ಪಲಿಲ್ಲ. ಆಮೇಲೆ ಒಪ್ಪಿದ್ರು."

ಅಂದರೆ ಅತ್ತ ಮಗುವಿನ ಕೈಗೆ ಬಿಸ್ಕತ್ತು ಕೊಟ್ಟು ಕೂರಿಸಿದ ಹಾಗೆ. ಡುಮ್ಮ ಒಂದನೇ ಕ್ಲಾಸಿನಿಂದ ಜೊತೆಗಿದ್ದವನು. ಅವನಾದರೂ ಒಂದು ಮಾತು ಹೇಳಬಾರದಿತ್ತೇ. ನಾಚಿಕೆಯಾಗುತ್ತಿದೆ. ನಾಚಿಕೆಗಿಂತ ಹೆಚ್ಚು ಹೊಟ್ಟೆ ಉರಿಯುತ್ತಿದೆ. ಬೇರೆಯವರು ನನ್ನ ಪರದೆ ಕದಿಯಬಾರದೆಂದು ನಾನೇ ಕಾನೂನು ಮಾಡಿ, ಅದಕ್ಕೆ ತಲೆಬಾಗಿ, ಪೆದ್ದನ ಹಾಗೆ ನನ್ನ ಮೂಲೆಯನ್ನೇ ನೋಡುತ್ತಾ ಕೂತಿದ್ದೆ.

ಜೂನ್ 17, ಶನಿವಾರ

ನಾನೇ ಫೋನ್ ಮಾಡಿ ಕರೆಸಿದೆ. ಇವತ್ತು ಯಾರಾದರೂ ಬ್ರೇಕ್ ಹಾಕಿದರೆ ನೋಡಿ ಅಂದೆ. ಯಾರೂ ನಗಲಿಲ್ಲ.

ಎಲ್ಲ ರೇಸೂ ಸೋತೆ. ಡುಮ್ಮನೂ ನನ್ನ ಮುಂದೆ. ಗೆದ್ದವಳು ಹೆಂಡತಿ. ಒಂದಲ್ಲ, ಎಲ್ಲ ರೇಸನ್ನೂ. ಏನು ತಿರುವು ತೆಗೆದುಕೊಳ್ಳುತ್ತಾಳೆ ಅವಳು. ಗೋಡೆಗೆ ಒಂದು ಕೂದಲೆಳೆ ಜಾಗ ಬಿಟ್ಟು... ನಾನು ಕಲಿಸಿದ ಯಾರಿಗೂ ಅದು ಬಂದಿಲ್ಲ. ಒಂದು ಸಲ ಜೋರಾಗಿ ನಕ್ಕಳು. ತಮ್ಮನ ಭುಜಕ್ಕೆ ಗುದ್ದಿದಳು. ಆಮೇಲೆ ನನ್ನ ಕಡೆ ನೋಡಿದಳು. ನಗು ಅಲ್ಲಿಗೇ ನಿಂತಿತು.

ಕೊನೇ ರೇಸ್ ಆದಮೇಲೆ ಕಂಟ್ರೋಲರ್ ಕೈಜಾರಿತು. ಕೈಜಾರಿತು ಅಂತಲೇ ಬರೆಯುತ್ತೇನೆ. ಎದುರು ಗೋಡೆಯ ಗಾರೆ ಸ್ವಲ್ಪ ಕಿತ್ತುಬಂದಿದೆ. ಕಾಲು ತಾಗಿ ಟೀಪಾಯಿ ಮೇಲಿನ ಲೋಟ ಉರುಳಿ ನೆಲದ ಮೇಲೆ ಗಿರಗಿರ ಸುತ್ತಿತು. ಹೆಂಡತಿ ಬಗ್ಗಿ ಅದನ್ನು ಎತ್ತಿಟ್ಟಳು.

ಡುಮ್ಮ ಎದ್ದ. "ಹೊರಡ್ತೀನಿ ಕಣೋ." ಬಾಗಿಲ ಹತ್ತಿರ ನಿಂತು ಚಪ್ಪಲಿ ಹಾಕಿಕೊಳ್ಳುತ್ತಾ ಅವಳಿಗೆ ಹೇಳಿದ, ನನಗಲ್ಲ: "ಏನಾದ್ರೂ ಇದ್ರೆ ಒಂದ್ ಫೋನ್ ಮಾಡಮ್ಮ."

ಏನಾದರೂ ಅಂದರೆ ಏನು? ನಾನೇನು ರಾಕ್ಷಸನೇ?

ಜೂನ್ 24, ಶನಿವಾರ

ಯಾರೂ ಬರಲಿಲ್ಲ. ಬರಬೇಡಿ ಅಂತ ನಾನೇನೂ ಹೇಳಿರಲಿಲ್ಲ.

ಜುಲೈ 8, ಶನಿವಾರ

ಈಗ ಶನಿವಾರ ಅವಳು ತಮ್ಮನ ಮನೆಗೆ ಹೋಗುತ್ತಾಳೆ. ಹೇಳಿಯೇ ಹೋಗುತ್ತಾಳೆ. "ನೀವೂ ಬನ್ನಿ" ಅನ್ನುವುದಿಲ್ಲ.

ಸಂಜೆ ಆ ಕಡೆ ಕೆಲಸ ಇತ್ತು. ಇರಲಿಲ್ಲ, ಸುಮ್ಮನೆ ಹೋದೆ. ಮೆಟ್ಟಿಲು ಹತ್ತುವಾಗಲೇ ಕೇಳಿಸಿತು, ಡುಮ್ಮನ ಕೂಗಾಟ, ಭಾವಮೈದನ "ಅಕ್ಕ, ಮೋಸ ಅಕ್ಕ ಇದು". ಅದರ ಮೇಲೆ ಅವಳ ನಗು. ಹೊಟ್ಟೆ ಹಿಡಿದುಕೊಂಡು ನಗುವ ನಗು. ನಮ್ಮ ಮನೆಯ ಗೋಡೆಗಳು ಆ ನಗು ಕೇಳಿ ಎಷ್ಟು ಕಾಲವಾಯಿತೋ. ಬಾಗಿಲ ಮುಂದೆ ಅವಳ ಚಪ್ಪಲಿ ಒಂದು ಆ ಕಡೆ, ಇನ್ನೊಂದು ಈ ಕಡೆ. ನಮ್ಮ ಮನೆಯಲ್ಲಿ ಜೋಡಿಸಿಯೇ ಇಡುತ್ತಾಳೆ.

ಬೆಲ್ ಒತ್ತಲಿಲ್ಲ. ಒತ್ತಿದ್ದರೆ ಆ ನಗು ನಿಲ್ಲುತ್ತಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಇನ್ನಷ್ಟು ಸಿಟ್ಟು ಬಂತು.

ಜುಲೈ 15, ಶನಿವಾರ. ಸಂಜೆ

ಭಾವಮೈದ ಊರಲ್ಲಿಲ್ಲ. ಅವಳು ಮನೆಯಲ್ಲೇ.

"ಇಬ್ಬರೇ ಆಡೋಣ" ಅಂದೆ. "ನಿಜವಾಗಿ ಆಡು. ಸಿಟ್ಟು ಮಾಡ್ಕೊಳ್ಳಲ್ಲ."

"ಆಣೆಗೂ?"

"ಆಣೆಗೂ."

ಇಬ್ಬರೇ ಆದರೆ ಪರದೆ ಎರಡೇ ಭಾಗ. ಮೇಲಿನದು ಅವಳದು. ಶುರುವಿನಿಂದಲೂ ಮುಂದೆ. ನನಗೆ ಬೇಜಾರಾಗಲಿಲ್ಲ. ನಿಜವಾಗಿಯೂ. ಅವಳು ಗೆಲ್ಲಲಿ, ನಗಲಿ, ಇಲ್ಲಿ ಒಂದು ಸಲ ನಗಲಿ ಅನ್ನಿಸಿತು. ಕೊನೇ ತಿರುವಿನಲ್ಲಿ ಬೇಕೆಂದೇ ಕಾನೂನು ಮುರಿದು ಅವಳ ಭಾಗ ನೋಡಿದೆ.

ಗೆರೆ ಹತ್ತಿರ ನಿಂತಿದ್ದಳು. ಬ್ರೇಕ್ ಲೈಟ್ ಕೆಂಪಗೆ.

"ಹೋಗು" ಅಂದೆ.

"ಹೋಗ್ತೀನಿ" ಅಂದಳು. ಹೋಗಲಿಲ್ಲ. ಪರದೆ ನೋಡುತ್ತಿರಲಿಲ್ಲ. ನನ್ನ ಕೈ ನೋಡುತ್ತಿದ್ದಳು.

"ಹೋಗೇ ಅಂದ್ರೆ." ಸ್ವಲ್ಪ ಜೋರಾಗಿಯೇ ಬಂತು.

ಅವಳ ಕಾರು ಹಿಂದಕ್ಕೆ ಸರಿಯಿತು.

ಆಗ ಟೀಪಾಯಿ ನೋಡಿದೆ. ಆಟಕ್ಕೆ ಮುಂಚೆ ನಾನು ನೀರು ಕುಡಿದಿಟ್ಟ ಗಾಜಿನ ಲೋಟ ಇರಲಿಲ್ಲ. ಸ್ಟೀಲ್ ಲೋಟ ಇತ್ತು. ಅವಳು ಯಾವಾಗ ಎದ್ದಳೋ, ಯಾವಾಗ ಬದಲಾಯಿಸಿದಳೋ. ಇಷ್ಟು ವರ್ಷ ಅದನ್ನು ಅಚ್ಚುಕಟ್ಟು ಅಂದುಕೊಂಡಿದ್ದೆ. ಅದು ಹೆದರಿಕೆ. ನಾನು ಎಸೆದರೆ ಒಡೆಯದಿರಲಿ ಎಂದು.

ನಾನೂ ಬ್ರೇಕ್ ಒತ್ತಬೇಕಿತ್ತು. ದಿನವಿಡೀ ಬೇರೆಯವರಿಗೆ ಅದನ್ನೇ ಕೂಗಿ ಹೇಳುವವನು. ಬೆರಳು ಬರಲಿಲ್ಲ. ನನ್ನ ಕಾರು ಅವಳ ಪಕ್ಕದಿಂದಲೇ ಹಾದು ಗೆರೆ ದಾಟಿತು. ಮೊದಲನೇ ಸ್ಥಾನ ಅಂತ ಬಂತು.

ಅವಳು ಚಪ್ಪಾಳೆ ತಟ್ಟಿದಳು.

ಈಗ ಒಳಗೆ ಲೋಟ ತೊಳೆಯುತ್ತಿದ್ದಾಳೆ. ಕರೆದು ಹೇಳಬೇಕು. ಏನು ಹೇಳುವುದು, ಆಮೇಲೆ ನೋಡೋಣ. ಮೊದಲು ಕರೆಯಬೇಕು, ಮೆತ್ತಗೆ. ಒಂದು ಸಲ ಕರೆದೆ. ನಲ್ಲಿ ತಟಕ್ಕನೆ ನಿಂತಿತು. "ಬಂದೆ ರೀ, ಬಂದೆ" ಅನ್ನುತ್ತಾ ಓಡಿ ಬರುತ್ತಿದ್ದಾಳೆ, ಒದ್ದೆ ಕೈಯಲ್ಲೇ. ಮೆತ್ತಗೇ ಕರೆದೆನಲ್ಲ, ನಾನು ಮೆತ್ತಗೇ —